ಗಣಕಯಂತ್ರದ ಹಠಮಾರಿ ದೋಷಗಳು: ಫಾರ್ಮ್ಯಾಟ್ ಮಾಡಿಸುವ ಮುನ್ನ

ವರ್ತಕ ಬಾಂಧವರಲ್ಲಿಯೂ ಸಣ್ಣ ಕೈಗಾರಿಕೋದ್ಯಮಿಗಳಲ್ಲಿಯೂ ಅನೇಕರು ಅಂದಂದಿನ ಲೆಕ್ಕವನ್ನು ರಾತ್ರಿ ಮನೆಯ ಗಣಕಯಂತ್ರದಲ್ಲಿಯೇ ದಾಖಲಿಸುತ್ತಾರೆ. ಹಗಲು ಮಕ್ಕಳ ವ್ಯಾಸಂಗಕ್ಕೂ ರಾತ್ರಿ ಖಾತೆ-ಖಿರ್ದಿಗೂ ಒಂದೇ ಯಂತ್ರ ಬಳಕೆಯಾಗುವುದು ಸಾಮಾನ್ಯ. ಆದ್ದರಿಂದ ಆ ಯಂತ್ರದಲ್ಲಿ ತಲೆದೋರುವ ತಂತ್ರಾಂಶದ ದೋಷವು ಕೇವಲ ಮನೆಯ ತೊಂದರೆಯಾಗಿ ಉಳಿಯದೆ ವ್ಯವಹಾರದ ತೊಂದರೆಯೇ ಆಗಿಬಿಡುತ್ತದೆ. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 36ನೇ ಪ್ರಕರಣದ ಪ್ರಕಾರ, ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ದಿನಾಂಕದಿಂದ 72 ತಿಂಗಳ ಕಾಲ ಲೆಕ್ಕಪತ್ರಗಳನ್ನು ಕಾಪಾಡಿಕೊಳ್ಳುವುದು ವರ್ತಕನ ಹೊಣೆ. ಯಂತ್ರ ಕೆಟ್ಟಿತೆಂಬ ಸಬೂಬಿನಿಂದ ಈ ಹೊಣೆ ತಪ್ಪುವುದಿಲ್ಲ.

ಒಂದು ಅನುಭವ

ಪರಿಚಿತರಾದ ಸಣ್ಣ ಉದ್ಯಮಿಯೊಬ್ಬರ ಮನೆಯಲ್ಲಿ ತಿಂಗಳ 19ನೇ ತಾರೀಖಿನ ರಾತ್ರಿ ತೆರಿಗೆ ಇಲಾಖೆಯ ಜಾಲತಾಣ ತೆರೆದುಕೊಳ್ಳದಾಯಿತು. ‘ಸಂಪರ್ಕ ಸುರಕ್ಷಿತವಾಗಿಲ್ಲ’ ಎಂಬ ಎಚ್ಚರಿಕೆ ಮತ್ತೆ ಮತ್ತೆ ಮೂಡುತ್ತಿತ್ತು. ಬ್ಯಾಂಕಿನ ತಾಣದಲ್ಲಿಯೂ ಅದೇ ಪಾಡು. ಮರುದಿನವೇ ಮಾಸಿಕ ಜಿಎಸ್‌ಟಿಆರ್-3ಬಿ ಸಲ್ಲಿಕೆಯ ಕಡೆಯ ದಿನ. ತಪ್ಪಿದರೆ ದಿನಕ್ಕೆ 50 ರೂ. ವಿಳಂಬ ಶುಲ್ಕ, ಬಾಕಿ ತೆರಿಗೆಗೆ ವಾರ್ಷಿಕ ಶೇ. 18ರ ಬಡ್ಡಿ. ಕರೆಸಿದ ರಿಪೇರಿಯವರು, “ವೈರಸ್ ಸೇರಿದೆ, ಫಾರ್ಮ್ಯಾಟ್ ಮಾಡದೆ ಗತ್ಯಂತರವಿಲ್ಲ” ಎಂದರು. ಆ ಯಂತ್ರದಲ್ಲಿ ನಾಲ್ಕು ವರ್ಷಗಳ ಲೆಕ್ಕವಿತ್ತು. ಪ್ರತಿ ಎಲ್ಲಿಯೂ ಇರಲಿಲ್ಲ.

ಅಷ್ಟರಲ್ಲಿ ಅವರ ಹಳೆಯ ಗುಮಾಸ್ತರು ಪರದೆಯ ಮೂಲೆಯನ್ನು ತೋರಿಸಿ, “ಸ್ವಾಮಿ, ಇದರಲ್ಲಿ ವರ್ಷವೇ ಬೇರೆ ಇದೆಯಲ್ಲಾ” ಎಂದರು. ದಿನಾಂಕವು ಹಲವು ವರ್ಷ ಹಿಂದಕ್ಕೆ ಹೋಗಿತ್ತು. ಜಾಲತಾಣಗಳ ಭದ್ರತಾ ಪ್ರಮಾಣಪತ್ರಗಳಿಗೆ ಆರಂಭದ ಮತ್ತು ಮುಕ್ತಾಯದ ದಿನಾಂಕಗಳಿರುತ್ತವೆ. ಯಂತ್ರದ ದಿನಾಂಕ ಆ ಅವಧಿಯ ಹೊರಗಿದ್ದರೆ ಬ್ರೌಸರ್ ಅವುಗಳನ್ನು ಒಪ್ಪುವುದಿಲ್ಲ. ದಿನಾಂಕ ತಿದ್ದಿದೊಡನೆ ತಾಣಗಳೆಲ್ಲ ತೆರೆದವು. ಆದರೆ ರಾತ್ರಿ ಗೋಡೆಯ ಸ್ವಿಚ್ ಆರಿಸಿ, ಬೆಳಿಗ್ಗೆ ಹಾಕಿದಾಗ ದಿನಾಂಕ ಪುನಃ ಹಿಂದಕ್ಕೆ ಸರಿದಿತ್ತು. ವಿದ್ಯುತ್ ಇಲ್ಲದ ವೇಳೆಯಲ್ಲಿ ಗಡಿಯಾರವನ್ನು ನಡೆಸುವುದು ಮದರ್‌ಬೋರ್ಡಿನ ಮೇಲಿರುವ, ನಾಣ್ಯದಾಕಾರದ 3 ವೋಲ್ಟಿನ ಸಿಆರ್ 2032 ಸೆಲ್. ಅದು ಸತ್ವಹೀನವಾಗಿತ್ತು. ಸೆಲ್ ಬದಲಾಯಿಸಲಾಯಿತು, ರಿಟರ್ನ್ ಅಂದೇ ಸಲ್ಲಿಕೆಯಾಯಿತು. ಅಲ್ಪ ಬೆಲೆಯ ಸೆಲ್ಲಿನ ಸಲುವಾಗಿ ನಾಲ್ಕು ವರ್ಷಗಳ ಲೆಕ್ಕ ಅಳಿಸಿಹೋಗುವುದರಲ್ಲಿತ್ತು.

ಅನುಸರಿಸಬೇಕಾದ ಕ್ರಮ

1. ಮೊದಲು ಬರೆದುಕೊಳ್ಳಿ: ದೋಷದ ಸಂದೇಶ ಕಂಡೊಡನೆ ‘ಓಕೆ’ ಒತ್ತಿ ಮುಚ್ಚುವುದು ಬಹುಮಂದಿಯ ಅಭ್ಯಾಸ. ಹಾಗೆ ಮಾಡದೆ ಸಂದೇಶವನ್ನು ಅಕ್ಷರಶಃ, ಅದರ ಸಂಖ್ಯೆ ಹಾಗೂ ವೇಳೆಯ ಸಹಿತ ಬರೆದಿಡಬೇಕು. ಮೊಬೈಲಿನಲ್ಲಿ ಚಿತ್ರ ತೆಗೆದರೂ ಸರಿಯೇ. ಸಂಖ್ಯೆಯು ನಿರರ್ಥಕವಲ್ಲ. ಉದಾಹರಣೆಗೆ, ವಿಂಡೋಸ್‌ನಲ್ಲಿ 80070005 ಎಂಬ ಅಂಕಿಗಳಿದ್ದರೆ ‘ಪ್ರವೇಶಕ್ಕೆ ಅನುಮತಿ ಇಲ್ಲ’ ಎಂದರ್ಥ. ಅಲ್ಲಿ ಪರಿಶೀಲಿಸಬೇಕಾದುದು ಬಳಕೆದಾರನ ಹಕ್ಕುಗಳನ್ನು.

2. ಚಿಕಿತ್ಸೆಗೆ ಮುನ್ನ ಪ್ರತಿ: ಯಾವುದೇ ದುರಸ್ತಿಗೆ ಕೈಹಾಕುವ ಮೊದಲು ಲೆಕ್ಕದ ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿ, ಆ ಡಿಸ್ಕನ್ನು ಯಂತ್ರದಿಂದ ಬೇರ್ಪಡಿಸಿಡತಕ್ಕದ್ದು. ನಕಲು ಮತ್ತೊಂದು ಯಂತ್ರದಲ್ಲಿ ತೆರೆಯುತ್ತದೆಯೇ ಎಂದು ನೋಡಿದ ಮೇಲೆಯೇ ಅದನ್ನು ನಂಬಬೇಕು. ಈಚಿನ ಅನೇಕ ಯಂತ್ರಗಳಲ್ಲಿ ಡಿಸ್ಕ್ ಗೂಢಲಿಪಿಯಲ್ಲಿರುತ್ತದೆ. ದುರಸ್ತಿಯ ವೇಳೆ ಅದು ಬಿಟ್‌ಲಾಕರ್‌ನ 48 ಅಂಕಿಗಳ ಕೀಲಿಯನ್ನು ಕೇಳಬಹುದಾದುದರಿಂದ, ಅದನ್ನು ಮುಂಚಿತವಾಗಿಯೇ ಕಾಗದದಲ್ಲಿ ಬರೆದಿಟ್ಟುಕೊಳ್ಳುವುದು ಕ್ಷೇಮ.

3. ಏನು ಬದಲಾಯಿತು?: ನಿನ್ನೆಯವರೆಗೆ ಸರಿಯಾಗಿದ್ದ ಯಂತ್ರ ಇಂದು ಕೆಟ್ಟಿದ್ದರೆ ನಡುವೆ ಏನೋ ಬದಲಾಗಿರಬೇಕು. ವಿಂಡೋಸ್‌ನಲ್ಲಿರುವ ‘ರಿಲಯಬಿಲಿಟಿ ಮಾನಿಟರ್’ ಎಂಬ ಸೌಲಭ್ಯವು ಯಾವ ದಿನ ಯಾವ ತಂತ್ರಾಂಶ ಸೇರಿತು, ಯಾವುದು ವಿಫಲವಾಯಿತು ಎಂಬುದನ್ನು ದಿನವಾರು ತೋರಿಸುತ್ತದೆ. ದೋಷ ಆರಂಭವಾದ ದಿನ ಸೇರಿದ ಪ್ರಿಂಟರ್ ಡ್ರೈವರನ್ನೋ ಅಪ್‌ಡೇಟನ್ನೋ ತೆಗೆದು ನೋಡಬೇಕು. ‘ಸಿಸ್ಟಮ್ ರಿಸ್ಟೋರ್’ ಮೊದಲೇ ಚಾಲನೆಯಲ್ಲಿದ್ದರೆ ಹಿಂದಿನ ಸ್ಥಿತಿಗೆ ಮರಳಲೂ ಅವಕಾಶವುಂಟು.

4. ಕ್ಷೇತ್ರವನ್ನು ಕಿರಿದಾಗಿಸಿ: ಇದೇ ದೋಷ ಲೆಕ್ಕದ ತಂತ್ರಾಂಶದ ಬೇರೆ ಕಂಪನಿಯ ಕಡತದಲ್ಲಿಯೂ ಬರುತ್ತದೆಯೇ? ಬೇರೆ ಬಳಕೆದಾರನ ಹೆಸರಿನಲ್ಲಿ ಪ್ರವೇಶಿಸಿದಾಗ? ಸೇಫ್ ಮೋಡ್‌ನಲ್ಲಿ? ಒಂದು ಕಡತದಲ್ಲಿ ಮಾತ್ರವಾದರೆ ದೋಷ ಕಡತದ್ದು. ಒಬ್ಬ ಬಳಕೆದಾರನಿಗೆ ಮಾತ್ರವಾದರೆ ಅವನ ಖಾತೆಯದ್ದು. ಸೇಫ್ ಮೋಡ್‌ನಲ್ಲಿ ಮಾಯವಾದರೆ ಹೊರಗಿನಿಂದ ಸೇರಿದ ಡ್ರೈವರ್ ಅಥವಾ ಸೇವೆಯ ಮೇಲೆ ಸಂಶಯ. ಆಗ ಮೈಕ್ರೋಸಾಫ್ಟಿನದಲ್ಲದ ಸೇವೆಗಳಲ್ಲಿ ಅರ್ಧವನ್ನು ನಿಲ್ಲಿಸಿ ನೋಡುವುದು. ದೋಷ ಹೋದರೆ ನಿಲ್ಲಿಸಿದ ಅರ್ಧದಲ್ಲಿ, ಹೋಗದಿದ್ದರೆ ಉಳಿದರ್ಧದಲ್ಲಿ ಹುಡುಕುವುದು. ಹೀಗೆ ಮಾಡಿದರೆ 32 ಸೇವೆಗಳ ಪೈಕಿ ದೋಷಿ ಒಂದೇ ಆಗಿದ್ದಲ್ಲಿ ಐದು ಪರೀಕ್ಷೆಗಳಲ್ಲಿ ಸಿಕ್ಕಿಬೀಳುತ್ತದೆ. ಒಂದು ಬಾರಿಗೆ ಒಂದೇ ಬಗೆಯ ಬದಲಾವಣೆ ಮಾಡಬೇಕು. ನಾಲ್ಕನ್ನು ಒಟ್ಟಿಗೆ ಮಾಡಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯದು.

5. ಯಂತ್ರಾಂಶವೇ ವೇಷ ಮರೆಸಿಕೊಂಡಿರಬಹುದು: ಪ್ರತಿಬಾರಿಯೂ ಬೇರೆ ಬೇರೆ ಸ್ಥಳದಲ್ಲಿ, ಬೇರೆ ಬೇರೆ ಸಂದೇಶದೊಡನೆ ಯಂತ್ರ ಸ್ಥಗಿತಗೊಂಡರೆ ರ್‍ಯಾಮ್, ಡಿಸ್ಕ್, ವಿದ್ಯುತ್ ಸರಬರಾಜುಗಳನ್ನು ಪರೀಕ್ಷಿಸಬೇಕು. ವಿಂಡೋಸ್‌ನಲ್ಲಿಯೇ ಮೆಮೊರಿ ಪರೀಕ್ಷೆಯ ಸೌಲಭ್ಯವಿದೆ. ಡಿಸ್ಕ್ ಕಟಕಟ ಶಬ್ದ ಮಾಡುತ್ತಿದ್ದರೆ ದುರಸ್ತಿಯ ಆಜ್ಞೆಗಳನ್ನು ನೀಡಬಾರದು. ಪ್ರತಿ ಇಲ್ಲದ ದತ್ತಾಂಶ ಅದರಲ್ಲಿದ್ದರೆ ಯಂತ್ರವನ್ನು ಆರಿಸಿ ತಜ್ಞರಿಗೆ ಒಪ್ಪಿಸುವುದು ಲೇಸು. ಪದೇ ಪದೇ ವಿದ್ಯುತ್ ಕಡಿತವಾಗುವ ಊರುಗಳಲ್ಲಿ ಯುಪಿಎಸ್ ಇಲ್ಲದೆ ಲೆಕ್ಕ ಬರೆಯುವುದು ಕಡತ ಕೆಡಲು ದಾರಿ ಮಾಡಿಕೊಟ್ಟಂತೆ.

6. ವ್ಯವಸ್ಥೆಯ ಕಡತಗಳ ದುರಸ್ತಿ: ಮೇಲಿನ ಯಾವುದೂ ಫಲಿಸದಿದ್ದಲ್ಲಿ, ವಿಂಡೋಸ್ 10 ಮತ್ತು 11ರಲ್ಲಿ ಮೊದಲು ಡಿಐಎಸ್‌ಎಂ, ಅನಂತರ ಎಸ್‌ಎಫ್‌ಸಿ ಎಂಬ ಎರಡು ಉಪಕರಣಗಳನ್ನು ಈ ಕ್ರಮದಲ್ಲಿಯೇ ಚಾಲನೆ ಮಾಡಬೇಕು. ಮೊದಲನೆಯದು ಬಿಡಿಭಾಗಗಳ ಉಗ್ರಾಣವನ್ನು ಸರಿಪಡಿಸುತ್ತದೆ. ಎರಡನೆಯದು ಆ ಉಗ್ರಾಣದಿಂದ ತೆಗೆದು, ಕೆಟ್ಟ ಕಡತಗಳ ಸ್ಥಾನದಲ್ಲಿ ಒಳ್ಳೆಯವನ್ನು ಇಡುತ್ತದೆ.

ದೊಡ್ಡ ಸಂಸ್ಥೆಗಳಿಗೂ ಇದೇ ಪಾಠ

2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶದ ದೋಷಯುತ ಅಪ್‌ಡೇಟಿನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿ ನಿಂತುಹೋದುವು. ಭಾರತದ ವಿಮಾನ ನಿಲ್ದಾಣಗಳಲ್ಲಿಯೂ ಕೈಬರಹದ ಬೋರ್ಡಿಂಗ್ ಪಾಸ್ ನೀಡಬೇಕಾಯಿತು. ಅದಕ್ಕೆ ಸೂಚಿಸಲಾದ ಪರಿಹಾರ ಫಾರ್ಮ್ಯಾಟ್ ಅಲ್ಲ; ಸೇಫ್ ಮೋಡ್‌ನಲ್ಲಿ ತೆರೆದು ಆ ಒಂದು ಕಡತವನ್ನು ಅಳಿಸುವುದಾಗಿತ್ತು. ದೋಷದ ನೆಲೆ ತಿಳಿದರೆ ಚಿಕಿತ್ಸೆ ಕಿರಿದಾಗುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಎರಡು ಎಚ್ಚರಿಕೆಗಳು

ದೋಷದ ಸಂದೇಶದೊಡನೆ ದೂರವಾಣಿ ಸಂಖ್ಯೆಯೂ ಕಂಡುಬಂದರೆ ಕರೆ ಮಾಡಬಾರದು. ಮೈಕ್ರೋಸಾಫ್ಟಿನ ನಿಜವಾದ ದೋಷ ಸಂದೇಶಗಳಲ್ಲಿ ದೂರವಾಣಿ ಸಂಖ್ಯೆ ಇರುವುದಿಲ್ಲ. ಅಪರಿಚಿತರಿಗೆ ದೂರದಿಂದ ಯಂತ್ರದ ಹಿಡಿತ ಕೊಟ್ಟು ಹಣ ಕಳೆದುಕೊಂಡಲ್ಲಿ ತಡಮಾಡದೆ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ತಿಳಿಸಬೇಕು. ಎರಡನೆಯದಾಗಿ, ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿದೆ. ಇಂದಿಗೂ ಅದನ್ನೇ ಬಳಸುತ್ತಿರುವವರು ಬದಲಾವಣೆಯನ್ನು ಬಿಡುವಿನ ದಿನಗಳಲ್ಲಿ ಕೈಗೊಳ್ಳುವುದು ಸೂಕ್ತ. ತಿಂಗಳ 20ನೇ ತಾರೀಖಿನ ಆಸುಪಾಸಿನಲ್ಲಿ ಸಲ್ಲದು.

ಫಾರ್ಮ್ಯಾಟ್ ಮಾಡಿಸುವುದೇ ತಪ್ಪೆಂದು ಇಲ್ಲಿನ ಅಭಿಪ್ರಾಯವಲ್ಲ. ಕೆಲವೊಮ್ಮೆ ಅದೇ ಸರಿಯಾದ ಮಾರ್ಗ. ಆದರೆ ಅದು ಕೊನೆಯ ಮಾರ್ಗವಾಗಿರಲಿ. ಪರೀಕ್ಷಿಸಿದ ಪ್ರತಿ ಕೈಯಲ್ಲಿದ್ದಾಗ ಮಾತ್ರ ಅದಕ್ಕೆ ಒಪ್ಪಿಗೆ ನೀಡಿ. ಸಾಲ ಕೊಡುವ ಮುನ್ನ ಹಳೆಯ ಬಾಕಿ ನೋಡುವ ವರ್ತಕನು, ಕಡತ ಅಳಿಸಲು ಒಪ್ಪುವ ಮುನ್ನ ಕನಿಷ್ಠ ಪಕ್ಷ ಯಂತ್ರದ ಗಡಿಯಾರವನ್ನಾದರೂ ನೋಡಬೇಡವೇ?