ಕಿಲುಬು ನುಂಗುವ ಕರೆಂಟು

ಮೃಗಶಿರೆ ಹಿಡಿದು ಸಕಲೇಶಪುರ, ಮೂಡಿಗೆರೆ ಕಡೆಯ ಎಸ್ಟೇಟ್ ದಾರಿಗಳು ಕೆಸರಾಗುವ ಹೊತ್ತಿಗೆ ಜೀಪಿನ ಮೂತಿಯಲ್ಲಿ ಬೇಸಿಗೆಯಿಡೀ ಸುಮ್ಮನೆ ಕೂತಿದ್ದ ವಿಂಚ್, ಹೂತ ಗಾಡಿಯನ್ನು ಹಗ್ಗದಿಂದ ಎಳೆಯುವ ಯಂತ್ರ, ನೆನಪಾಗುತ್ತದೆ. ಗುಂಡಿ ಒತ್ತಿ, ಡ್ರಮ್ ತಿರುಗಿತೆಂದರೆ ಸರಿಯಿದೆ ಎಂದುಕೊಳ್ಳುವವರೇ ಹೆಚ್ಚು. ಆ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ. 9,500 ಪೌಂಡಿನ, ಅಂದರೆ ಸುಮಾರು 4,300 ಕೆ.ಜಿ. ಎಳೆಯುವ 12 ವೋಲ್ಟ್ ವಿಂಚ್ ಬರಿದೇ ತಿರುಗುವಾಗ ಎಳೆದುಕೊಳ್ಳುವುದು 70–80 ಆಂಪಿಯರ್ ಆಸುಪಾಸು. ಪೂರ್ತಿ ಭಾರ ಬಿದ್ದರೆ ಅದೇ ಮೋಟಾರು 400 ಆಂಪಿಯರ್ ಕೇಳುತ್ತದೆ. ಕಾಯಿಲೆಯೆಲ್ಲ ಹೊರಬೀಳುವುದು ಆಗಲೇ.

ವಿಂಚ್ ಕೈಕೊಟ್ಟರೆ ಎಲ್ಲರೂ ಮೊದಲು ಬಯ್ಯುವುದು ಮೋಟಾರನ್ನು. ಆದರೆ ಹುಡುಕಬೇಕಾದ್ದು ಅದಕ್ಕೆ ಕರೆಂಟು ಬರುವ ದಾರಿಯಲ್ಲಿರುವ ಬೋಲ್ಟು, ವೈರಿನ ತುದಿಯ ಲಗ್ಗುಗಳಲ್ಲಿ. ತಾಮ್ರಕ್ಕೆ ಕಿಲುಬು ಹಿಡಿದ ಒಂದು ಜೋಡಣೆಯ ರೋಧ ಓಮ್‌ನ ನೂರನೇ ಒಂದು ಭಾಗ ಇದ್ದರೂ ಸಾಕು, 400 ಆಂಪಿಯರ್ ಹಾದಾಗ ಅಲ್ಲೇ 4 ವೋಲ್ಟ್ ಕರಗಿಹೋಗುತ್ತದೆ. ಆ ಒಂದು ಬೋಲ್ಟಿನಲ್ಲಿ ಹುಟ್ಟುವ ಶಾಖ 1,600 ವಾಟ್, ಮನೆಯ ಇಸ್ತ್ರಿಪೆಟ್ಟಿಗೆಯನ್ನು ಮೀರಿಸುವಷ್ಟು.

ಮುಂದಿನ ಕೇಡು ಇನ್ನೂ ವಿಚಿತ್ರ. ಮೋಟಾರಿಗೆ ಕರೆಂಟು ಬಿಡುವ, ತಡೆಯುವ ಕೆಲಸ ಕಾಂಟ್ಯಾಕ್ಟರ್‌ನದು. ಅದರೊಳಗಿನ ತಾಮ್ರದ ತಟ್ಟೆಗಳನ್ನು ಒತ್ತಿ ಹಿಡಿಯುವುದು ಒಂದು ಸಣ್ಣ ಕಾಯಿಲ್. ವೋಲ್ಟೇಜ್ ಕುಸಿದರೆ ಅದರ ಹಿಡಿತ ಸಡಿಲವಾಗುತ್ತದೆ. ತಟ್ಟೆಗಳು ಕಟಕಟನೆ ಬಡಿದುಕೊಂಡು ಕಿಡಿ ಹಾರಿ, ಕೊನೆಗೆ ಬೆಸೆದೇ ಹೋಗುತ್ತವೆ. ಗುಂಡಿಯಿಂದ ಬೆರಳು ತೆಗೆದರೂ ವಿಂಚ್ ನಿಲ್ಲುವುದಿಲ್ಲ! ಕೊಕ್ಕೆ ಬಂಪರಿಗೆ ಬಂದು ತಾಗಿದ ಮೇಲೂ ಅದು ಜಗ್ಗುತ್ತಲೇ ಇರುತ್ತದೆ. ಬ್ಯಾಟರಿಯ ಪಕ್ಕದಲ್ಲೇ, ಕೈಗೆ ಸಿಗುವಂತೆ, ಒಂದು ಐಸೊಲೇಟರ್ ಸ್ವಿಚ್ ಇರಲೇಬೇಕು ಎನ್ನುವುದು ಈ ಕಾರಣಕ್ಕೆ. ಎಲ್‌ಇಡಿ ಬಾರಿಗೆ ಸುರಿಯುವ ದುಡ್ಡಿನಲ್ಲಿ ಸ್ವಲ್ಪ ಇದಕ್ಕೂ ಮೀಸಲಿಡಬಹುದು. ಕೆಲಸವಿಲ್ಲದಾಗ ಐಸೊಲೇಟರನ್ನು ಆಫ್ ಮಾಡಿಟ್ಟರೆ ಇನ್ನೊಂದು ಅನುಕೂಲವಿದೆ. ಎಷ್ಟೋ ವಿಂಚ್‌ಗಳ ದಪ್ಪ ವೈರಿಗೆ ಫ್ಯೂಸ್ ಇರುವುದಿಲ್ಲ. ರೇಡಿಯೇಟರ್ ಪಕ್ಕದ ತಗಡಿಗೆ ಉಜ್ಜಿ ಅದರ ಹೊದಿಕೆ ಸವೆದರೆ ಬೆಂಕಿಯೇ ಗತಿ; ಸ್ವಿಚ್ ಆಫ್ ಇದ್ದರೆ ಆ ಭಯವಿಲ್ಲ. ಆದರೂ ಉಜ್ಜುವ ಜಾಗಗಳಲ್ಲಿ ರಬ್ಬರ್ ಪೈಪ್ ತೊಡಿಸಿ.

ವೈರು ಅಪ್ಪಟ ತಾಮ್ರದ್ದೇ ಆಗಿರಲಿ, ಕನಿಷ್ಠ 35 ಸ್ಕ್ವೇರ್ ಎಂಎಂ. ತಾಮ್ರದ ಲೇಪವಿರುವ ಅಲ್ಯೂಮಿನಿಯಂ ವೈರು ನೋಡಲು ಹಾಗೇ ಇದ್ದರೂ ಅದರ ರೋಧ ಜಾಸ್ತಿ. ಲಗ್ಗನ್ನು ಸುತ್ತಿಗೆಯಿಂದ ಬಡಿದು ಕೂರಿಸಬೇಡಿ, ಹೈಡ್ರಾಲಿಕ್ ಕ್ರಿಂಪರ್ ಇರುವವರ ಬಳಿ ಒತ್ತಿಸಿ. ಅರ್ಥ್ ವೈರನ್ನು ಪೇಂಟ್ ಬಳಿದ ಚಾಸಿಗೆ ಬಿಗಿದು ಕೈತೊಳೆದುಕೊಳ್ಳುವ ಎಲೆಕ್ಟ್ರಿಷಿಯನ್‌ಗಳಿದ್ದಾರೆ. ಅದು ನೇರ ಬ್ಯಾಟರಿಯ ಮೈನಸ್‌ಗೇ ಹೋಗಬೇಕು. ಬೋಲ್ಟ್ ಬಿಗಿದ ಮೇಲೆ ಹೊರಗಿನಿಂದ ಪೆಟ್ರೋಲಿಯಂ ಜೆಲ್ಲಿ ಸವರಿ.

ಮಲ್ಟಿಮೀಟರನ್ನು ಓಮ್‌ನಲ್ಲಿಟ್ಟರೆ ಇಷ್ಟು ಸಣ್ಣ ರೋಧ ಕಾಣುವುದಿಲ್ಲ. ಭಾರ ಹಾಕಿಯೇ ನೋಡಬೇಕು. ಸಣ್ಣ ಏರಿನಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಚಾಲೂ ಇಟ್ಟು, ಮೇಲಿನ ಮರಕ್ಕೆ ಅಗಲ ಪಟ್ಟಿ ಸುತ್ತಿ ಹಗ್ಗ ಕಟ್ಟಿ ಗಾಡಿ ತನ್ನನ್ನೇ ಎಳೆದುಕೊಳ್ಳಲಿ. ವೋಲ್ಟ್‌ನಲ್ಲಿಟ್ಟ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ಕಾಂಟ್ಯಾಕ್ಟರ್‌ಗೆ ಬರುವ ದಪ್ಪ ವೈರಿನ ಬೋಲ್ಟಿಗೆ. ತಂತಿ ಉದ್ದ ಮಾಡಿಕೊಂಡು ಪಕ್ಕಕ್ಕೆ ಸರಿದು ನಿಂತು ಓದಿ. ಅರ್ಧ ವೋಲ್ಟ್ ಮೀರಿದರೆ ದಾರಿಯಲ್ಲೆಲ್ಲೋ ಕಳ್ಳನಿದ್ದಾನೆ. ಮೈನಸ್ ಕಡೆಗೂ ಹೀಗೇ ನೋಡಬೇಕು.

ಎಳೆಯುವಾಗ ಕರೆಂಟು ತಗ್ಗಿಸುವ ಉಪಾಯಗಳೂ ಇವೆ. ಹಗ್ಗ ಹೆಚ್ಚು ಬಿಚ್ಚಿದಷ್ಟೂ ಡ್ರಮ್ಮಿನ ಸುತ್ತಳತೆ ಕಡಿಮೆಯಾಗಿ ಮೋಟಾರಿಗೆ ಹಗುರ. ಸ್ನ್ಯಾಚ್ ಬ್ಲಾಕ್ ಎಂಬ ರಾಟೆ ಹಾಕಿದರೆ ಭಾರ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ, ವೇಗವೂ. ನಿಮಿಷಕ್ಕೊಮ್ಮೆ ನಿಲ್ಲಿಸಿ ಮೋಟಾರನ್ನು ಮುಟ್ಟಿ ನೋಡಿ. ಪೂರ್ತಿ ಭಾರದ ಒಂದು ನಿಮಿಷಕ್ಕೆ ಬ್ಯಾಟರಿಯಿಂದ ಆರೇಳು ಆಂಪಿಯರ್-ಅವರ್ ಖಾಲಿ. ಆಲ್ಟರ್ನೇಟರ್ ಅದನ್ನು ತುಂಬಲು ಹಲವು ನಿಮಿಷ ಬೇಕು.

ಬಿಸಿ ಮೋಟಾರು ಹಳ್ಳದಲ್ಲಿ ಮುಳುಗಿದರೆ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದ ನೀರನ್ನು ಒಳಗೆಳೆದುಕೊಳ್ಳುತ್ತದೆ. ಹಳ್ಳ ದಾಟುವ ಮುನ್ನ ಆರಲು ಬಿಡಿ. ಇಷ್ಟೆಲ್ಲ ಜಾಗ್ರತೆ ಮಾಡಿ ಮನೆಗೆ ಬಂದು, ವಾಟರ್ ಸರ್ವಿಸ್‌ನ ಹುಡುಗ ಪ್ರೆಶರ್ ಗನ್ನನ್ನು ನೇರ ಕಾಂಟ್ಯಾಕ್ಟರ್ ಡಬ್ಬಿಗೇ ಹಿಡಿಯುವುದನ್ನು ಟೀ ಕುಡಿಯುತ್ತ ನೋಡುತ್ತ ಕೂರುವವರಿದ್ದಾರೆ.