ಬೆನ್ನುಹುರಿಯ ಗಡ್ಡೆ: ಚಿಕಿತ್ಸೆಯ ನಿರ್ಧಾರ ಮತ್ತು ಶಸ್ತ್ರವೈದ್ಯರ ಆಯ್ಕೆ

ಬೆನ್ನುನೋವೆಂದರೆ ತೈಲ, ಸ್ವೇದ, ಕಟಿಬಸ್ತಿ ಎಂಬ ಭಾವನೆ ನಮ್ಮ ಪುತ್ತೂರು ಸೀಮೆಯಲ್ಲಿ ಆಳವಾಗಿ ಬೇರೂರಿದೆ. ಅಡಿಕೆಯ ಗೊನೆ ಇಳಿಸುವ, ಗೊಬ್ಬರ ಹೊರುವ ಕಾಯಕದವರಿಗೆ ಬೆನ್ನುನೋವು ಅಪರೂಪವಲ್ಲ. ಬಹುಪಾಲು ನೋವು ಗುಣವಾಗುವುದೂ ನಿಜ. ಆದರೆ ದರ್ಬೆಯ ನಮ್ಮ ಚಿಕಿತ್ಸಾಲಯದ ಒಂದು ಪ್ರಸಂಗವನ್ನು ಸದ್ಭಕ್ತರ ಮುಂದಿಡುವುದು ಕರ್ತವ್ಯವೆಂದು ಭಾವಿಸಿದ್ದೇವೆ.

ಕೆಲವು ವರ್ಷಗಳ ಹಿಂದೆ ಮಧ್ಯವಯಸ್ಸಿನ ಕೃಷಿಕರೊಬ್ಬರು ಬೆನ್ನುನೋವು ಹಾಗೂ ಕಾಲುಗಳ ಜೋಮಿಗಾಗಿ ಬಂದರು. ಗೃಧ್ರಸಿಯೆಂದು ತಿಳಿದು ಆರು ವಾರ ಚಿಕಿತ್ಸೆ ನೀಡಿದೆವು. ಸೊಂಟದ ಎಂಆರ್‌ಐಯಲ್ಲಿ ದೋಷ ಕಾಣದಿದ್ದುದು ನಮ್ಮ ಧೈರ್ಯವನ್ನು ಹೆಚ್ಚಿಸಿತ್ತು. ಒಂದು ದಿನ ಅವರ ಪತ್ನಿ, “ಮಲಗಿದರೆ ನೋವು ಹೆಚ್ಚುತ್ತದೆ, ಕುಳಿತೇ ನಿದ್ರಿಸುತ್ತಾರೆ, ಚಪ್ಪಲಿ ಜಾರಿದರೂ ಅರಿವಿಗೆ ಬರುವುದಿಲ್ಲ” ಎಂದರು. ಅಂಗಾಲನ್ನು ಗೀರಿ ನೋಡಿದಾಗ ಹೆಬ್ಬೆರಳು ಕೆಳಗೆ ಬಾಗುವ ಬದಲು ಮೇಲೆದ್ದಿತು. ಅದು ಸೊಂಟದ ನರದ ತೊಂದರೆಯ ಲಕ್ಷಣವಲ್ಲ. ಮಿದುಳು ಅಥವಾ ಬೆನ್ನುಹುರಿಗೆ ಪೆಟ್ಟಾಗಿರುವ ಸೂಚನೆ. ಇಡೀ ಬೆನ್ನಿನ ಎಂಆರ್‌ಐಯಲ್ಲಿ ಎದೆಯ ಮಟ್ಟದ ಗಡ್ಡೆ ಕಂಡಿತು. ಆ ಆರು ವಾರಗಳ ವಿಳಂಬ ನಮ್ಮದೇ.

ವಯಸ್ಕರಲ್ಲಿ ಬೆನ್ನುಹುರಿ ಸುಮಾರು 45 ಸೆಂ.ಮೀ. ಉದ್ದವಿದ್ದು, ಸೊಂಟದ ಮೊದಲ ಅಥವಾ ಎರಡನೆಯ ಕಶೇರುವಿನ ಬಳಿ ಮುಗಿಯುತ್ತದೆ. ಸೊಂಟವನ್ನಷ್ಟೇ ಚಿತ್ರಿಸಿದರೆ ಹುರಿಯ ಹೆಚ್ಚಿನ ಭಾಗ ಕಾಣುವುದೇ ಇಲ್ಲ. ಎರಡೂ ಕಾಲುಗಳು ಬಿಗಿಯುವುದು, ನಡಿಗೆ ತತ್ತರಿಸುವುದು, ರಾತ್ರಿಯ ನೋವು ಇವು ಕಂಡಲ್ಲಿ ಇಡೀ ಬೆನ್ನಿನ ಪರೀಕ್ಷೆಯನ್ನು ಕೇಳಿ. ಮೂತ್ರ ಕಟ್ಟಿದರೆ ಅಥವಾ ಕಾಲಿನ ಬಲ ಹಠಾತ್ತನೆ ಕುಂದಿದರೆ ಅಂದೇ ನರಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಹೊರಡಬೇಕು. ಶಸ್ತ್ರಕ್ರಿಯೆಗೆ ಮುನ್ನ ಎಷ್ಟು ಬಲ ಉಳಿದಿದೆಯೋ ಅದೇ ಮುಂದಿನ ಚೇತರಿಕೆಯ ಮುಖ್ಯ ಅಳತೆಗೋಲು.

ಗಡ್ಡೆಗಳು ಸ್ಥಾನಭೇದದಿಂದ ಮೂರು ಬಗೆ. ಹುರಿಯ ಹೊದಿಕೆಯ ಹೊರಗಿನವು ಹೆಚ್ಚಾಗಿ ಬೇರೆ ಅಂಗದ ಕ್ಯಾನ್ಸರ್ ಹರಡಿ ಬಂದವು. ಇಲ್ಲಿ ವಿಕಿರಣ, ಔಷಧ, ಶಸ್ತ್ರಗಳನ್ನು ಕ್ಯಾನ್ಸರ್ ತಜ್ಞರೊಡನೆ ಕೂಡಿ ನಿರ್ಧರಿಸಬೇಕು. ಹೊದಿಕೆಯ ಒಳಗೆ, ಹುರಿಯ ಹೊರಗೆ ಬೆಳೆಯುವ ಮೆನಿಂಜಿಯೋಮಾ, ಶ್ವಾನೋಮಾಗಳು ಬಹುತೇಕ ಸೌಮ್ಯ. ಪೂರ್ಣವಾಗಿ ತೆಗೆದರೆ ಬಹಳ ಮಂದಿ ಗುಣ ಹೊಂದುತ್ತಾರೆ. ಹುರಿಯ ಒಡಲಲ್ಲೇ ಹುಟ್ಟುವವು ಕಠಿಣ: ಎಪೆಂಡಿಮೋಮಾವನ್ನು ಅನೇಕ ವೇಳೆ ಬಿಡಿಸಿ ತೆಗೆಯಬಹುದು, ಆಸ್ಟ್ರೋಸೈಟೋಮಾ ಹುರಿಯೊಳಗೆ ಬೆರೆತಿರುವುದರಿಂದ ಎಲ್ಲವನ್ನೂ ತೆಗೆಯಲು ಹೋದರೆ ಹುರಿಗೇ ಹಾನಿ. ಆಕಸ್ಮಿಕವಾಗಿ ಕಂಡ, ತೊಂದರೆ ಕೊಡದ ಸಣ್ಣ ಗಡ್ಡೆಯನ್ನು ನಿಯತವಾಗಿ ಎಂಆರ್‌ಐ ಮಾಡಿಸುತ್ತ ಕಾಯುವುದೂ ಒಂದು ಚಿಕಿತ್ಸಾಕ್ರಮವೇ.

ಸುಶ್ರುತರು ನಿದಾನಸ್ಥಾನದಲ್ಲಿ ಅರ್ಬುದವನ್ನು ವಿವರಿಸಿದ್ದಾರೆ. ಶಲ್ಯತಂತ್ರ ನಮ್ಮ ಶಾಸ್ತ್ರದ ಅಂಗವೇ. ಲಂಡನ್ನಿನಲ್ಲಿ ವಿಕ್ಟರ್ ಹಾರ್ಸ್ಲೆ 1887ರಲ್ಲಿ ಬೆನ್ನುಹುರಿಯನ್ನು ಒತ್ತುತ್ತಿದ್ದ ಗಡ್ಡೆಯನ್ನು ತೆಗೆದು ಯಶಸ್ವಿಯಾದರು. ಹೀಗಿರುವಾಗ ಕಷಾಯದಿಂದಲೋ ಅಭ್ಯಂಗದಿಂದಲೋ ಈ ಗಡ್ಡೆ ಕರಗುತ್ತದೆಂದು ಯಾವ ವೈದ್ಯನೂ ಭರವಸೆ ಕೊಡಬಾರದು, ನಾವೂ ಕೊಡುವುದಿಲ್ಲ. ಗಡ್ಡೆಯ ಶಂಕೆಯಿದ್ದಾಗ ಬೆನ್ನು ತಿಕ್ಕುವುದು, ಎಳೆದು ತಿರುಗಿಸುವುದು ಸಲ್ಲದು. ಸೇವಿಸುತ್ತಿರುವ ಆಯುರ್ವೇದ ಔಷಧಗಳನ್ನೂ ಶಸ್ತ್ರವೈದ್ಯರಿಗೆ ತಿಳಿಸಬೇಕು, ಕೆಲವು ರಕ್ತಸ್ರಾವವನ್ನು ಹೆಚ್ಚಿಸಬಹುದು.

ಶಸ್ತ್ರವೈದ್ಯರನ್ನು ಆರಿಸುವಾಗ ಸಂಕೋಚ ಬೇಡ. ಇದೇ ಬಗೆಯ ಗಡ್ಡೆಗಳನ್ನು ವರ್ಷಕ್ಕೆ ಎಷ್ಟು ಮಾಡುತ್ತೀರಿ? ನಿಮ್ಮ ರೋಗಿಗಳ ಫಲಿತಾಂಶವೇನು? ಶಸ್ತ್ರ ಹಿಡಿಯುವವರು ನೀವೇ ತಾನೆ? ಸೂಕ್ಷ್ಮದರ್ಶಕವೂ, ಶಸ್ತ್ರಕ್ರಿಯೆಯ ವೇಳೆಯಲ್ಲೇ ನರಗಳ ಸಂಕೇತವನ್ನು ಗಮನಿಸುವ ಯಂತ್ರವೂ ಇವೆಯೇ? ಪೂರ್ತಿ ತೆಗೆಯಲಾಗದಿದ್ದರೆ ಮುಂದೇನು? ಮಾಡದಿದ್ದರೆ ಏನಾದೀತು? ಈ ಪ್ರಶ್ನೆಗಳಿಗೆ ಸಿಡುಕದೆ ಉತ್ತರಿಸುವವರು, ಅಪಾಯವನ್ನೂ ಮುಚ್ಚಿಡದವರು ನಂಬಿಕೆಗೆ ಅರ್ಹರು. “ನೂರಕ್ಕೆ ನೂರು” ಎನ್ನುವವರ ಬಗ್ಗೆ ಎಚ್ಚರವಿರಲಿ. ಹುರಿಯ ಒಡಲಿನ ಗಡ್ಡೆಯಾದರೆ ಅದರಲ್ಲೇ ಪಳಗಿದ ನರಶಸ್ತ್ರವೈದ್ಯರೇ ಬೇಕು. ತುರ್ತಿಲ್ಲದಿದ್ದರೆ ಎರಡನೆಯ ಅಭಿಪ್ರಾಯ ಪಡೆಯುವುದು ಮೊದಲಿನವರಿಗೆ ಮಾಡುವ ಅಗೌರವವಲ್ಲ.

ನಮಗೆ ಮಂಗಳೂರು ಸುಮಾರು 50 ಕಿ.ಮೀ. ದೂರ, ಅಲ್ಲಿಯೂ ಮಣಿಪಾಲದಲ್ಲಿಯೂ ನರಶಸ್ತ್ರ ವಿಭಾಗವಿರುವ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ಬೆಂಗಳೂರಿನಲ್ಲಿ 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್, ಕ್ಯಾನ್ಸರ್‌ಗೆ ಕಿದ್ವಾಯಿ ಸಂಸ್ಥೆ ಇವೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ವರ್ಷಕ್ಕೆ 5 ಲಕ್ಷ ರೂ. ವರೆಗೆ ನೆರವಿದೆ, ತುರ್ತಿಲ್ಲದಾಗ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ ಶಿಫಾರಸು ಪತ್ರ ಪಡೆಯುವುದು ಒಳಿತು.

ಆ ಕೃಷಿಕರು ಇಬ್ಬರು ತಜ್ಞರನ್ನು ಕಂಡು, ಎರಡನೆಯವರಲ್ಲಿ ಶಸ್ತ್ರಕ್ರಿಯೆ ಮಾಡಿಸಿಕೊಂಡರು. ಗಡ್ಡೆ ಸೌಮ್ಯವಾಗಿತ್ತು. ತಿಂಗಳುಗಟ್ಟಲೆ ವ್ಯಾಯಾಮದ ನಂತರ ಇಂದು ಕೋಲೂರಿ ತೋಟಕ್ಕೆ ಹೋಗುತ್ತಾರೆ. ಆರು ವಾರ ಮೊದಲೇ ಅಂಗಾಲನ್ನು ಗೀರಿ ನೋಡಿದ್ದರೆ ಕೋಲು ಬೇಕಾಗುತ್ತಿರಲಿಲ್ಲವೇನೋ ಎಂಬ ಯೋಚನೆ ನಮ್ಮನ್ನು ಬಿಟ್ಟಿಲ್ಲ. ಅಂದಿನಿಂದ ಬೆನ್ನುನೋವೆಂದು ಬಂದ ಯಾರನ್ನೂ ಅಂಗಾಲು ನೋಡದೆ ಕಳುಹಿಸಿಲ್ಲ.