ತಲೆಯ ಗಾಯ ಮಾಯಿತು, ಮನಸ್ಸಿನದು?

ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿ ವಾರಗಟ್ಟಲೆ ಆಸ್ಪತ್ರೆಯಲ್ಲಿದ್ದ ಮಗ ಮನೆಗೆ ಮರಳಿದಾಗ ಮನೆಮಂದಿ ಹರಕೆ ತೀರಿಸುತ್ತಾರೆ. ಹೊಲಿಗೆ ಬಿಚ್ಚಿದ್ದಾಗಿದೆ. ಬೋಳಿಸಿದ ತಲೆಯಲ್ಲಿ ಕೂದಲು ಚಿಗುರಿದೆ. ನಡೆದಾಡುತ್ತಾನೆ, ಉಣ್ಣುತ್ತಾನೆ, ಮಾತಾಡುತ್ತಾನೆ. ‘ದೇವರು ದೊಡ್ಡವನು, ಹುಡುಗ ಉಳಿದ’ ಎಂದು ನೆಂಟರಿಷ್ಟರು ಹೇಳಿ ಹೋಗುತ್ತಾರೆ. ಎಷ್ಟೋ ಮನೆಗಳಲ್ಲಿ ನಿಜವಾದ ಕಷ್ಟ ಶುರುವಾಗುವುದೇ ಆಮೇಲೆ.

ಬೆಳಿಗ್ಗೆ ಹೇಳಿದ್ದು ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ. ಅಂಗಡಿಗೆ ಹೋದವನು ಏನು ತರಬೇಕೆಂಬುದನ್ನೇ ಮರೆತು ಬರಿಗೈಯಲ್ಲಿ ಬರುತ್ತಾನೆ. ಸಣ್ಣ ಮಾತಿಗೆ ತಟ್ಟೆ ಎಸೆಯುತ್ತಾನೆ, ಮರುಗಳಿಗೆಯಲ್ಲಿ ಅಳುತ್ತಾನೆ. ಇಲ್ಲವೇ ಇಡೀ ದಿನ ಗೋಡೆ ನೋಡುತ್ತಾ ಕೂರುತ್ತಾನೆ. ಸ್ನಾನಕ್ಕೂ ಹತ್ತು ಸಲ ಎಬ್ಬಿಸಬೇಕು. ‘ಸೊಕ್ಕು ಬಂದಿದೆ’ ಎನ್ನುತ್ತಾರೆ ಕೆಲವರು, ‘ಸೋಮಾರಿಯಾದ’ ಎನ್ನುತ್ತಾರೆ ಮತ್ತೆ ಕೆಲವರು. ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸುವವರೂ ಉಂಟು.

ಇದು ಸೊಕ್ಕೂ ಅಲ್ಲ, ಸೋಮಾರಿತನವೂ ಅಲ್ಲ, ಗಾಳಿಯೂ ಅಲ್ಲ. ಮಿದುಳಿಗೆ ಬಿದ್ದ ಪೆಟ್ಟಿನ ಉಳಿಕೆ. ಇದಕ್ಕೂ ಚಿಕಿತ್ಸೆ ಇದೆ. ಆದರೆ ಅದು ಬರೀ ಗುಳಿಗೆಯಲ್ಲಿ ಸಿಗುವಂಥದಲ್ಲ, ವಾರದಲ್ಲಿ ಮುಗಿಯುವಂಥದೂ ಅಲ್ಲ.

ಪೆಟ್ಟು ತಾಗುವುದೆಲ್ಲಿ?

ಮಿದುಳು ಬಲು ಮೃದುವಾದ ಅಂಗ. ಬುರುಡೆಯೊಳಗೆ ದ್ರವದಲ್ಲಿ ತೇಲಿಕೊಂಡಂತೆ ಇರುತ್ತದೆ. ವೇಗದಲ್ಲಿ ಸಾಗುತ್ತಿದ್ದ ತಲೆ ಥಟ್ಟನೆ ನಿಂತರೆ ಒಳಗಿನ ಮಿದುಳು ಬುರುಡೆಯ ಗೋಡೆಗೆ ಅಪ್ಪಳಿಸುತ್ತದೆ. ಹಣೆಯ ಹಿಂದಿರುವ ಮತ್ತು ಕಿವಿಯ ಮೇಲ್ಬದಿಗಿರುವ ಮಿದುಳಿನ ಭಾಗಗಳ ಕೆಳಗೆ ಬುರುಡೆಯ ಮೂಳೆ ಒರಟಾಗಿ, ಏಣು ಏಣಾಗಿ ಇದೆ. ಹೆಚ್ಚು ಜಜ್ಜಿಹೋಗುವುದು ಈ ಭಾಗಗಳೇ. ಕೋಪವನ್ನು ತಡೆಹಿಡಿಯುವುದು, ಮುಂದಿನ ಕೆಲಸವನ್ನು ಯೋಜಿಸುವುದು, ಒಂದು ಕೆಲಸಕ್ಕೆ ಕೈಹಾಕುವ ಮನಸ್ಸು ಮಾಡುವುದು, ಹೊಸ ಸಂಗತಿಯನ್ನು ನೆನಪಿನಲ್ಲಿಡುವುದು ಇವೆಲ್ಲ ಬಹುಮಟ್ಟಿಗೆ ಈ ಭಾಗಗಳನ್ನೇ ನಂಬಿಕೊಂಡಿವೆ.

ಇದರ ಜೊತೆಗೆ ಮಿದುಳಿನ ಒಂದು ಭಾಗವನ್ನು ಇನ್ನೊಂದಕ್ಕೆ ಜೋಡಿಸುವ ನವಿರಾದ ನರತಂತುಗಳು ಪೆಟ್ಟಿನ ರಭಸಕ್ಕೆ ಎಳೆದಂತಾಗಿ ಹಾಳಾಗುತ್ತವೆ. ಸಿ.ಟಿ. ಸ್ಕ್ಯಾನ್‌ನಲ್ಲಿ ಇದು ಕಾಣದೇ ಹೋಗಬಹುದು. ‘ಸ್ಕ್ಯಾನ್ ನಾರ್ಮಲ್ ಇದೆ’ ಎಂದಾಕ್ಷಣ ‘ಎಲ್ಲ ನಾಟಕ’ ಎಂಬ ತೀರ್ಮಾನಕ್ಕೆ ಬರಬಾರದು ಎನ್ನುವುದು ಇದಕ್ಕಾಗಿಯೇ. ಇನ್ನೊಂದು ತೊಡಕೂ ಇದೆ. ಎಷ್ಟೋ ವೇಳೆ, ತನಗೆ ತೊಂದರೆಯಾಗಿದೆ ಎಂಬ ಅರಿವೇ ಪೆಟ್ಟು ತಿಂದವನಿಗೆ ಇರುವುದಿಲ್ಲ!

ಗೇಜ್ ಕಥೆಯ ಉಳಿದರ್ಧ

ಈ ವಿಷಯದಲ್ಲಿ ವೈದ್ಯಲೋಕ ಮರೆಯದ ಹೆಸರು ಫಿನಿಯಾಸ್ ಗೇಜ್. ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ರೈಲುಹಾದಿಗಾಗಿ ಬಂಡೆ ಸಿಡಿಸುತ್ತಿದ್ದ ಕೂಲಿಗಳ ಮೇಸ್ತ್ರಿ. 1848ರ ಸೆಪ್ಟೆಂಬರ್ 13ರಂದು ಸಿಡಿಮದ್ದು ಅಕಾಲದಲ್ಲಿ ಹೊತ್ತಿ, ಒಂದು ಮೀಟರಿಗೂ ಉದ್ದದ, ಸುಮಾರು 6 ಕಿಲೋ ತೂಕದ ಕಬ್ಬಿಣದ ಸಲಾಕೆ ಅವನ ಎಡಗೆನ್ನೆಯಿಂದ ಹೊಕ್ಕು ನೆತ್ತಿಯಿಂದ ಹೊರಬಿತ್ತು. ಆದರೂ ಗೇಜ್ ಬದುಕಿದ. ಆದರೆ ಜವಾಬ್ದಾರಿಯ ಮೇಸ್ತ್ರಿ ಹೋಗಿ, ಮಾತಿನಲ್ಲಿ ಹಿಡಿತವಿಲ್ಲದ, ಕ್ಷಣಕ್ಕೊಂದು ಯೋಜನೆ ಹಾಕಿ ಕೈಬಿಡುವ ಮನುಷ್ಯ ಉಳಿದ. ಹಳೆಯ ಕೆಲಸ ಅವನಿಗೆ ಮತ್ತೆ ಸಿಗಲಿಲ್ಲ. ಚಿಕಿತ್ಸೆ ಮಾಡಿದ ಡಾ. ಜಾನ್ ಹಾರ್ಲೋ 1868ರಲ್ಲಿ ಇದನ್ನೆಲ್ಲ ದಾಖಲಿಸಿದರು.

ಸಾಮಾನ್ಯವಾಗಿ ಕಥೆ ಇಲ್ಲಿಗೇ ನಿಲ್ಲುತ್ತದೆ. ಆದರೆ ಉಳಿದರ್ಧವೇ ಹೆಚ್ಚು ಮುಖ್ಯ. 1852ರಲ್ಲಿ ಗೇಜ್ ದಕ್ಷಿಣ ಅಮೆರಿಕದ ಚಿಲಿ ದೇಶಕ್ಕೆ ಹೋಗಿ ವರ್ಷಗಟ್ಟಲೆ ಕುದುರೆ ಸಾರೋಟು ಓಡಿಸಿದ. ಹೊತ್ತಿಗೆ ಸರಿಯಾಗಿ ಏಳಬೇಕು, ಕುದುರೆ ಕಟ್ಟಬೇಕು, ಪ್ರಯಾಣಿಕರೊಂದಿಗೆ ಹೊಂದಿಕೊಂಡು ಗೊತ್ತಾದ ದಾರಿಯಲ್ಲಿ ಸಾಗಬೇಕು. ತಲೆ ಕೆಟ್ಟವನು ಮಾಡುವ ಕೆಲಸವೇ ಇದು? ದಿನವೂ ಒಂದೇ ಕ್ರಮದಲ್ಲಿ ನಡೆಯುವ ಇಂಥ ಕೆಲಸವೇ ಅವನನ್ನು ಮತ್ತೆ ಸಮಾಜಕ್ಕೆ ಹೊಂದಿಸಿರಬೇಕು ಎಂಬುದು ಗೇಜ್ ಬಗ್ಗೆ ಆಳವಾಗಿ ಶೋಧಿಸಿದ ಆಸ್ಟ್ರೇಲಿಯದ ಮನೋವಿಜ್ಞಾನಿ ಮಾಲ್ಕಮ್ ಮ್ಯಾಕ್ಮಿಲನ್ ಅವರ ವಾದ. ಗೇಜ್ 1860ರಲ್ಲಿ ಮೂರ್ಛೆ ರೋಗದಿಂದ ತೀರಿಕೊಂಡ.

ಗೇಜ್‌ಗೆ ತಾನಾಗಿ ಒದಗಿ ಬಂದದ್ದನ್ನು ಒಂದು ಶಾಸ್ತ್ರವಾಗಿ ಬೆಳೆಸಿದವರಲ್ಲಿ ಸೋವಿಯತ್ ರಷ್ಯದ ಅಲೆಕ್ಸಾಂಡರ್ ಲೂರಿಯಾ ಪ್ರಮುಖರು. ಎರಡನೆಯ ಮಹಾಯುದ್ಧದಲ್ಲಿ ಮಿದುಳಿಗೆ ಗಾಯವಾದ ಸೈನಿಕರನ್ನು ಅವರು ನೋಡಿಕೊಂಡರು. 1943ರಲ್ಲಿ ತಲೆಗೆ ಗುಂಡು ಹೊಕ್ಕ ಜಾಸೆಟ್‌ಸ್ಕಿ ಎಂಬ ಸೈನಿಕನಿಗೆ ಅಕ್ಷರಗಳೇ ಮರೆತುಹೋಗಿದ್ದವು. ಒಂದೊಂದೇ ಅಕ್ಷರ ನೆನೆದು ಬರೆಯಹೋದರೆ ಕೈ ನಿಲ್ಲುತ್ತಿತ್ತು. ಯೋಚಿಸದೆ, ಕೈ ಎತ್ತದೆ ಇಡೀ ಪದವನ್ನು ಒಟ್ಟಿಗೆ ಬರೆ ಎಂದಾಗ ಕೈ ತಾನೇ ಓಡಿತು! ತಾನು ಬರೆದದ್ದನ್ನು ತಾನೇ ಓದಲು ಹೆಣಗುತ್ತಿದ್ದ ಆತ ಮುಂದೆ ಸುಮಾರು 25 ವರ್ಷಗಳಲ್ಲಿ ತನ್ನ ಬದುಕಿನ ಬಗ್ಗೆ ಸಾವಿರಾರು ಪುಟ ಬರೆದ. ಹೆದ್ದಾರಿ ಕುಸಿದರೆ ಕಾಲುದಾರಿ ಹುಡುಕಬೇಕು. ಲೂರಿಯಾ ಹಾಕಿಕೊಟ್ಟ ಪಾಠ ಇದು.

ಕಾಳು ಆರಿಸುವುದೂ ಚಿಕಿತ್ಸೆ

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ಈ ದಾರಿಯಲ್ಲಿ ಕೆಲಸ ನಡೆದಿದೆ. ತಲೆಗೆ ಪೆಟ್ಟಾದವರ ಗಮನಶಕ್ತಿಯನ್ನು ತರಬೇತಿಯಿಂದ ಸುಧಾರಿಸುವ ಬಗ್ಗೆ ಅಲ್ಲಿನ ಶೋಭಿನಿ ರಾವ್ ಮತ್ತವರ ಸಹೋದ್ಯೋಗಿ ಬರೆದ ಲೇಖನ 1999ರಲ್ಲಿ ‘ನ್ಯೂರಾಲಜಿ ಇಂಡಿಯಾ’ ಪತ್ರಿಕೆಯಲ್ಲಿ ಪ್ರಕಟವಾಯಿತು. ಇಂಥ ತರಬೇತಿಯಲ್ಲಿ ಮೊದಲು ಪರೀಕ್ಷೆ ನಡೆಸಿ ನೆನಪು, ಗಮನ, ಯೋಜನೆ ಇವುಗಳಲ್ಲಿ ಯಾವುದು ಎಷ್ಟು ಕುಂದಿದೆ ಎಂದು ಅಳೆಯುತ್ತಾರೆ. ಬಳಿಕ ದಿನವೂ ಗೊತ್ತಾದ ಹೊತ್ತು ಅಭ್ಯಾಸ. ಅದಕ್ಕೆ ಬೇಕಾಗುವ ಸಾಮಗ್ರಿಯಾದರೂ ಎಂಥದು? ಅಕ್ಷರಗಳು ತುಂಬಿದ ಹಾಳೆಯಲ್ಲಿ ಹೇಳಿದ ಅಕ್ಷರವನ್ನಷ್ಟೇ ಹೊಡೆದುಹಾಕುವುದು, ಬೆರೆಸಿಟ್ಟ ಕಾಳುಗಳನ್ನು ಬೇರೆ ಬೇರೆ ಮಾಡುವುದು! ಹಿಡಿದ ಸಮಯ, ಆದ ತಪ್ಪು ಎರಡನ್ನೂ ಬರೆದಿಟ್ಟುಕೊಂಡು ಮೆಲ್ಲನೆ ಕಷ್ಟದ ಪಾಠಕ್ಕೆ ಏರುತ್ತಾರೆ. ಅಡುಗೆಮನೆಯಲ್ಲಿರುವ ಸಾಮಾನೇ ಸಾಕಾಗುವುದರಿಂದ ಮನೆಯಲ್ಲೂ ಮುಂದುವರಿಸಬಹುದು. ಆದರೆ ಏನು, ಎಷ್ಟು ಎಂಬುದನ್ನು ತಜ್ಞರೇ ಗೊತ್ತುಮಾಡಬೇಕು.

ಅಭ್ಯಾಸದಿಂದ ಎಲ್ಲವೂ ಮರಳುವುದಿಲ್ಲ. ಮರಳದ್ದಕ್ಕೆ ಊರುಗೋಲು ಬೇಕು. ಕಿಸೆಯಲ್ಲೊಂದು ನೋಟ್‌ಪುಸ್ತಕ, ಗೋಡೆಯ ಮೇಲೆ ದಿನಚರಿ, ಅಲಾರಾಂ ಇವೇ ಆ ಊರುಗೋಲುಗಳು. ಇಂಗ್ಲೆಂಡಿನಲ್ಲಿ ಬಾರ್ಬರಾ ವಿಲ್ಸನ್ ಮತ್ತು ಸಂಗಡಿಗರು ಮರೆವು ಮುಂತಾದ ತೊಂದರೆಯಿದ್ದ 143 ಮಂದಿಗೆ ಪೇಜರ್ ಕೊಟ್ಟು, ‘ಮಾತ್ರೆ ತೆಗೆದುಕೊಳ್ಳಿ’ ಎಂಬಂಥ ಸಂದೇಶ ಹೊತ್ತಿಗೆ ಸರಿಯಾಗಿ ಬರುವಂತೆ ಮಾಡಿದರು. ಶೇ 80ಕ್ಕೂ ಹೆಚ್ಚು ಮಂದಿ ದಿನದ ಕೆಲಸಗಳಲ್ಲಿ ಸುಧಾರಿಸಿದರೆಂದು 2001ರಲ್ಲಿ ವರದಿಯಾಯಿತು. ಇಂದು ಆ ಕೆಲಸವನ್ನು ಎಲ್ಲರ ಕೈಯಲ್ಲಿರುವ ಮೊಬೈಲ್ ಫೋನೇ ಮಾಡಬಲ್ಲದು.

ಸಿಟ್ಟು, ದುಃಖ ಮತ್ತು ಮನೆಯವರು

ಮರೆವಿಗಿಂತ ಮನೆಯವರನ್ನು ಹೆಚ್ಚು ಬಳಲಿಸುವುದು ಸಿಟ್ಟು ಮತ್ತು ಮೌನ. ತಲೆಪೆಟ್ಟಿನ ನಂತರ ಖಿನ್ನತೆ ಕಾಣಿಸಿಕೊಳ್ಳುವುದು ಸಾಮಾನ್ಯ. ಕಳೆದುಕೊಂಡದ್ದರ ಅರಿವು ಮೂಡಿದ ಹಾಗೆಲ್ಲ ಅದು ಹೆಚ್ಚಲೂಬಹುದು. ಇದಕ್ಕೆ ಔಷಧಿಯೂ ಇದೆ, ಆಪ್ತ ಸಲಹೆಯೂ ಇದೆ. ಸಾಯುವ ಮಾತಾಡಿದರೆ ‘ಸುಮ್ಮನೆ ಹೆದರಿಸುತ್ತಾನೆ’ ಎನ್ನದೆ ಕೂಡಲೇ ಮನೋವೈದ್ಯರಲ್ಲಿಗೆ ಕರೆದೊಯ್ಯಬೇಕು.

ಸಿಟ್ಟಿಗೆ ಬಹುತೇಕ ಒಂದು ಕಿಡಿ ಇರುತ್ತದೆ: ಟಿ.ವಿ. ಗದ್ದಲ, ಮನೆತುಂಬ ನೆಂಟರು, ಒಂದೇ ಸಲ ಮೂರು ಮಂದಿಯ ಪ್ರಶ್ನೆ, ಇಲ್ಲವೇ ಬರೀ ದಣಿವು. ಯಾವ ಹೊತ್ತಿಗೆ, ಯಾವುದರ ಬೆನ್ನಿಗೆ ಸಿಟ್ಟು ಬಂತೆಂದು ಎರಡು ವಾರ ಬರೆದಿಟ್ಟರೆ ಕಿಡಿ ಯಾವುದೆಂಬ ಸುಳಿವು ಸಿಗುತ್ತದೆ. ಒಂದು ಸಲಕ್ಕೆ ಒಂದೇ ಮಾತು, ಒಂದೇ ಕೆಲಸ, ನಡುವೆ ವಿಶ್ರಾಂತಿ. ಸಿಟ್ಟು ಏರಿದಾಗ ವಾದಕ್ಕೆ ನಿಲ್ಲದೆ ತುಸು ಪಕ್ಕಕ್ಕೆ ಸರಿಯುವುದು ಒಳ್ಳೆಯದು. ಮದ್ಯ ಕೂಡದು. ಫಿಟ್ಸ್ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ವೈದ್ಯರು ಒಪ್ಪುವ ತನಕ ವಾಹನ ಓಡಿಸಬಾರದು. ತಲೆನೋವು ದಿನೇ ದಿನೇ ಹೆಚ್ಚಿದರೆ, ವಾಂತಿಯಾದರೆ, ಮಂಪರು ಕವಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಸುಧಾರಣೆ ಮೊದಲ ಆರೆಂಟು ತಿಂಗಳಲ್ಲಿ ಬೇಗ ಬೇಗನೆ ಕಾಣುತ್ತದೆ, ಆಮೇಲೆ ನಿಧಾನವಾಗುತ್ತದೆ. ಆದರೆ ನಿಂತೇಹೋಗಬೇಕೆಂದೇನಿಲ್ಲ, ವರ್ಷಗಳ ನಂತರವೂ ಕಲಿಕೆ ಸಾಧ್ಯ. ಅಷ್ಟು ದೂರ ನಡೆಯಬೇಕಾದವರು ರೋಗಿಯೊಬ್ಬರೇ ಅಲ್ಲ. ಹಗಲಿರುಳು ಕಾಯುವ ತಾಯಿಗೋ ಹೆಂಡತಿಗೋ ವಾರಕ್ಕೊಂದು ದಿನವಾದರೂ ಬಿಡುವು ಸಿಗುವಂತೆ ಉಳಿದವರು ಹೆಗಲು ಕೊಡಬೇಕು.

ಆಸ್ಪತ್ರೆಯಿಂದ ಹೊರಡುವ ದಿನ ಬಿಲ್ಲು, ಎಕ್ಸ್‌ರೇ, ಮಾತ್ರೆಯ ಚೀಟಿ ಎಲ್ಲವನ್ನೂ ಜೋಪಾನವಾಗಿ ತೆಗೆದುಕೊಳ್ಳುತ್ತಾರೆ. ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ವೈದ್ಯರಿಗೆ ಕೇಳಿ ಬರುವುದು ಒಳ್ಳೆಯದು: ‘ಇವರ ನೆನಪು, ಗಮನ, ಮನಸ್ಸು ಇವುಗಳ ಪರೀಕ್ಷೆಗೆ ಯಾವಾಗ, ಎಲ್ಲಿಗೆ ಕರೆತರಬೇಕು?’